ಸಾವಿರ ಫೈಲು, ಒಂದು ಸಾಲಿನ ಕಮಾಂಡ್

2014ರ ನವೆಂಬರ್ 1ರಂದು ಕರ್ನಾಟಕದ ಹನ್ನೆರಡು ಊರುಗಳ ಹೆಸರು ಅಧಿಕೃತವಾಗಿ ಬದಲಾಯಿತು. ಇಂಗ್ಲಿಷ್ ಬರವಣಿಗೆಯಲ್ಲಿ ಬ್ಯಾಂಗಲೋರ್ ಹೋಗಿ ಬೆಂಗಳೂರು ಬಂತು, ಬೆಲ್ಗಾಂ ಹೋಗಿ ಬೆಳಗಾವಿ ಬಂತು. ಕನ್ನಡದಲ್ಲೂ ಗುಲ್ಬರ್ಗಾ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. ಐದು ವರ್ಷಗಳ ನಂತರ, 2019ರ ಸೆಪ್ಟೆಂಬರ್‌ನಲ್ಲಿ, ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂತು. ಹೆಸರು ಬದಲಾಗಲು ಸರ್ಕಾರದ ಒಂದು ಆದೇಶ ಸಾಕು. ಆದರೆ ಹಳೆಯ ಹೆಸರು ಕಚೇರಿಗಳ ವಿಳಾಸಪಟ್ಟಿಗಳಲ್ಲಿ, ಜಾಲತಾಣಗಳ ಪುಟಗಳಲ್ಲಿ, ಪ್ರಕಾಶಕರ ಪುಸ್ತಕದ ಫೈಲುಗಳಲ್ಲಿ, ತಂತ್ರಾಂಶಗಳ ಒಳಗೆ ಉಳಿದೇ ಇರುತ್ತದೆ. ಅಲ್ಲಿಂದ ಅದನ್ನು ತೆಗೆಯುವವರು ಯಾರು, ಹೇಗೆ?

ಒಂದೊಂದೇ ಫೈಲು ತೆರೆದು, ಹುಡುಕಿ, ತಿದ್ದಿ, ಉಳಿಸಿ, ಮುಚ್ಚುವುದು ಒಂದು ದಾರಿ. ಹತ್ತು ಫೈಲುಗಳಿದ್ದರೆ ಇದೇ ಒಳ್ಳೆಯದು. ಸಾವಿರ ಫೈಲುಗಳಿದ್ದರೆ ಕೈ ಸೋಲುತ್ತದೆ, ಕಣ್ಣು ತಪ್ಪುತ್ತದೆ, ಕೊನೆಗೆ ಅರ್ಧ ಹಳೆಯದು ಅರ್ಧ ಹೊಸದು ಉಳಿಯುತ್ತದೆ. ಇನ್ನೊಂದು ದಾರಿ ಕಂಪ್ಯೂಟರಿನ ಟರ್ಮಿನಲ್ ತೆರೆದು ಒಂದು ಸಾಲು ಬರೆಯುವುದು. ಸಾವಿರ ಫೈಲುಗಳ ಕೆಲಸ ಕೆಲವೇ ಕ್ಷಣಗಳಲ್ಲಿ ಮುಗಿಯುತ್ತದೆ. ಈ ವಿದ್ಯೆ ಐವತ್ತು ವರ್ಷ ಹಳೆಯದು, ಇದಕ್ಕೆ ದುಡ್ಡು ಕೊಡಬೇಕಿಲ್ಲ, ಕನ್ನಡಕ್ಕೂ ಒಗ್ಗುತ್ತದೆ. ಆದರೂ ಇದು ಪ್ರೋಗ್ರಾಮರುಗಳ ಸೊತ್ತು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಭಾವನೆ ತಪ್ಪು. ಬದಲಿಸು ಎಂದು ಯಂತ್ರಕ್ಕೆ ಹೇಳುವುದು ಸುಲಭ. ಯಾವುದನ್ನು ಬದಲಿಸಬೇಕು, ಯಾವುದನ್ನು ಮುಟ್ಟಬಾರದು ಎಂದು ನಿರ್ಧರಿಸುವುದೇ ನಿಜವಾದ ಕೆಲಸ. ಅದು ಭಾಷೆ ಬಲ್ಲವರ ಕೆಲಸ.

ಹುಡುಕಾಟದಿಂದ ಶುರುವಾದದ್ದು

ಹೀಗೆ ಹುಡುಕಿ ಬದಲಿಸುವ ಸಲಕರಣೆಗಳ ಮೂಲದಲ್ಲಿ ಇರುವುದೂ ಒಂದು ಸಾಹಿತ್ಯದ ಪ್ರಶ್ನೆಯೇ. ಅಮೆರಿಕದ ಸಂವಿಧಾನವನ್ನು ಸಮರ್ಥಿಸಿ 1787-88ರಲ್ಲಿ 85 ಪ್ರಬಂಧಗಳು ಪ್ರಕಟವಾದವು. ಅಲೆಕ್ಸಾಂಡರ್ ಹ್ಯಾಮಿಲ್ಟನ್, ಜೇಮ್ಸ್ ಮ್ಯಾಡಿಸನ್, ಜಾನ್ ಜೇ ಮೂವರೂ ‘ಪಬ್ಲಿಯಸ್’ ಎಂಬ ಒಂದೇ ಕಾವ್ಯನಾಮದಲ್ಲಿ ಬರೆದಿದ್ದರಿಂದ ಯಾವುದು ಯಾರದು ಎಂಬ ಚರ್ಚೆ ಮುಗಿಯಲೇ ಇಲ್ಲ. ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿದ್ದ ಲೀ ಮೆಕ್‌ಮಹೊನ್ 1970ರ ದಶಕದ ಆರಂಭದಲ್ಲಿ ಈ ಪ್ರಬಂಧಗಳ ಪದಬಳಕೆಯನ್ನು ಕಂಪ್ಯೂಟರಿನಲ್ಲಿ ಪರಿಶೀಲಿಸಲು ಹೊರಟರು. ಪಠ್ಯ ಹತ್ತು ಲಕ್ಷ ಅಕ್ಷರಗಳನ್ನು ಮೀರುವಷ್ಟಿತ್ತು; ಅಂದಿನ ಯಂತ್ರದ ನೆನಪಿನ ಶಕ್ತಿ ಹತ್ತಾರು ಕಿಲೋಬೈಟುಗಳಷ್ಟೇ. ಯುನಿಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯ ‘ಎಡ್’ ಎಂಬ ಎಡಿಟರ್‌ಗೆ ಅಷ್ಟು ದೊಡ್ಡ ಪಠ್ಯವನ್ನು ತೆರೆಯಲು ಸಾಧ್ಯವೇ ಇರಲಿಲ್ಲ.

ಆಗ ಯುನಿಕ್ಸ್‌ನ ಜನಕರಲ್ಲೊಬ್ಬರಾದ ಕೆನ್ ಥಾಂಪ್ಸನ್ ಎಡ್‌ನೊಳಗಿದ್ದ ಹುಡುಕುವ ಭಾಗವನ್ನಷ್ಟೇ ಬೇರೆ ಮಾಡಿ ‘ಗ್ರೆಪ್’ ಎಂಬ ಪುಟ್ಟ ಪ್ರೋಗ್ರಾಂ ಮಾಡಿಕೊಟ್ಟರು ಎಂದು ಅವರ ಸಹೋದ್ಯೋಗಿ ಬ್ರಯಾನ್ ಕರ್ನಿಹಾನ್ ಹೇಳುತ್ತಾರೆ. ಗ್ರೆಪ್ ಇಡೀ ಫೈಲನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಒಂದು ಸಾಲು ಓದುತ್ತದೆ, ಬೇಕಾದ ಪದ ಇದ್ದರೆ ತೋರಿಸುತ್ತದೆ, ಮುಂದಿನ ಸಾಲಿಗೆ ಹೋಗುತ್ತದೆ. ಇದು 1973ರ ಮಾತು. ಅದೇ ತತ್ವವನ್ನು ಬದಲಿಸುವ ಕೆಲಸಕ್ಕೂ ಒಗ್ಗಿಸಿ ಮೆಕ್‌ಮಹೊನ್ ಅವರೇ ‘ಸೆಡ್’ ಬರೆದರು. ಸಾಲು ಒಳಗೆ ಬರುತ್ತದೆ, ಹೇಳಿದ ತಿದ್ದುಪಡಿ ಆಗುತ್ತದೆ, ಸಾಲು ಹೊರಗೆ ಹೋಗುತ್ತದೆ. ಫೈಲು ಎಷ್ಟೇ ದೊಡ್ಡದಾಗಿರಲಿ, ಯಂತ್ರದ ಮುಂದೆ ಯಾವಾಗಲೂ ಒಂದೇ ಸಾಲು. ಇಂದಿನ ಲಿನಕ್ಸ್ ಮತ್ತು ಮ್ಯಾಕ್ ಯಂತ್ರಗಳಲ್ಲಿ ಈ ಎರಡೂ ಸಿದ್ಧವಾಗಿಯೇ ಇರುತ್ತವೆ. ವಿಂಡೋಸ್ ಬಳಸುವವರು ಅದರಲ್ಲೇ ಸಿಗುವ ಡಬ್ಲ್ಯುಎಸ್‌ಎಲ್ ಸೌಲಭ್ಯ ಹಾಕಿಕೊಂಡರೆ ಸಾಕು.

ಈ ಕಥೆಗೆ ಕನ್ನಡಿಗರು ಮುಖ್ಯವಾಗಿ ಗಮನಿಸಬೇಕಾದ ಇನ್ನೊಂದು ಕೊಂಡಿಯಿದೆ. 1992ರ ಸೆಪ್ಟೆಂಬರ್‌ನಲ್ಲಿ ಇದೇ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತಾಗ ‘ಯುಟಿಎಫ್-8’ ಎಂಬ ಸಂಕೇತ ವ್ಯವಸ್ಥೆಯನ್ನು ರೂಪಿಸಿದರು. ಇಂದು ಅಂತರ್ಜಾಲದ ಕನ್ನಡ ಬಹುಪಾಲು ನಿಂತಿರುವುದು ಇದರ ಮೇಲೆ. ಕನ್ನಡದ ಪ್ರತಿ ವರ್ಣವೂ, ಪ್ರತಿ ಕಾಗುಣಿತದ ಚಿಹ್ನೆಯೂ ಇದರಲ್ಲಿ ಮೂರು ಬೈಟುಗಳಾಗಿ ಕೂರುತ್ತದೆ. ಒಂದು ಅಕ್ಷರದ ಬೈಟುಗಳ ನಡುವೆ ಇನ್ನೊಂದು ಅಕ್ಷರ ಇದ್ದಂತೆ ಭ್ರಮೆಯಾಗದ ಹಾಗೆ ಇದನ್ನು ಕಟ್ಟಿದ್ದಾರೆ. ಹಾಗಾಗಿ ಇಂಗ್ಲಿಷ್ ಪ್ರಬಂಧಗಳಿಗಾಗಿ ಹುಟ್ಟಿದ ಗ್ರೆಪ್ ಮತ್ತು ಸೆಡ್ ಕನ್ನಡದ ಪಠ್ಯವನ್ನೂ ಅಷ್ಟೇ ನಿಷ್ಠೆಯಿಂದ ಹುಡುಕುತ್ತವೆ, ತಿದ್ದುತ್ತವೆ.

ಮೂವರ ಕೆಲಸ ಒಂದು ಸಾಲಿನಲ್ಲಿ

ಹಲವು ಫೈಲುಗಳಲ್ಲಿ ಪದ ಬದಲಿಸಲು ಸಾಮಾನ್ಯವಾಗಿ ಮೂರು ಸಲಕರಣೆಗಳು ಜೊತೆಗೂಡುತ್ತವೆ. ಫೋಲ್ಡರಿನೊಳಗಿನ ಫೋಲ್ಡರುಗಳನ್ನೂ ಜಾಲಾಡಿ ಬೇಕಾದ ಬಗೆಯ ಫೈಲುಗಳನ್ನು ಆರಿಸುವುದು ‘ಫೈಂಡ್’. ಅವುಗಳಲ್ಲಿ ಹಳೆಯ ಪದ ಎಲ್ಲೆಲ್ಲಿದೆ ಎಂದು ತೋರಿಸುವುದು ಗ್ರೆಪ್. ಬದಲಿಸುವುದು ಸೆಡ್. ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ದಾಟಿಸಲು ನೆಟ್ಟಗೆ ನಿಂತ ಗೆರೆಯ ‘ಪೈಪ್’ ಚಿಹ್ನೆಯಿದೆ. ಸಿಕ್ಕ ಫೈಲುಗಳ ಹೆಸರನ್ನು ಒಟ್ಟುಮಾಡಿ ಸೆಡ್‌ನ ಕೈಗಿಡಲು ‘ಎಕ್ಸ್‌ಆರ್ಗ್ಸ್’ ಇದೆ.

ಸೆಡ್‌ಗೆ ಕೊಡುವ ಸೂಚನೆ ನೋಡಲು ಹೀಗಿರುತ್ತದೆ: ಎಸ್/ಹಳೆಯ ಪದ/ಹೊಸ ಪದ/ಜಿ. ಯಂತ್ರದಲ್ಲಿ ಬರೆಯುವಾಗ ಎಸ್ ಮತ್ತು ಜಿ ಎರಡೂ ರೋಮನ್ ಲಿಪಿಯ ಸಣ್ಣ ಅಕ್ಷರಗಳು. ಎಸ್ ಎಂದರೆ ಬದಲಿಸು. ಕೊನೆಯ ಜಿ ಬಿಟ್ಟರೆ ಪ್ರತಿ ಸಾಲಿನಲ್ಲೂ ಮೊದಲನೆಯದು ಮಾತ್ರ ಬದಲಾಗಿ ಉಳಿದವು ಹಾಗೇ ಇರುತ್ತವೆ. ಸೆಡ್ ತಾನಾಗಿ ಫೈಲನ್ನು ಮುಟ್ಟುವುದಿಲ್ಲ, ತಿದ್ದಿದ ಪಠ್ಯವನ್ನು ಪರದೆಯ ಮೇಲೆ ತೋರಿಸುತ್ತದೆ ಅಷ್ಟೆ. ಫೈಲಿನಲ್ಲೇ ಬರೆ ಎಂದು ಹೇಳಲು ಅಡ್ಡಗೆರೆಯ ಜೊತೆ ಐ ಎಂಬ ಅಕ್ಷರ ಸೇರಿಸಬೇಕು. ಅದರ ಬೆನ್ನಿಗೇ ಚುಕ್ಕಿಯಿಟ್ಟು ಒಂದು ಬಾಲ ಸೇರಿಸಿದರೆ ಮೂಲ ಫೈಲಿನ ಒಂದು ಪ್ರತಿ ಆ ಬಾಲದ ಹೆಸರಿನಲ್ಲಿ ಉಳಿಯುತ್ತದೆ. ಮ್ಯಾಕ್‌ನ ಸೆಡ್ ಈ ಬಾಲವನ್ನು ಕೇಳಿಯೇ ತೀರುತ್ತದೆ. ಲಿನಕ್ಸ್‌ನಲ್ಲಿ ಬರೆದ ಸಾಲು ಮ್ಯಾಕ್‌ನಲ್ಲಿ ಮುಗ್ಗರಿಸಲು ಬಹಳ ಸಲ ಇದೇ ಕಾರಣ.

ಒಂದು ಮಿತಿ ನೆನಪಿಡಬೇಕು. ಇವೆಲ್ಲ ಸರಳ ಪಠ್ಯದ ಫೈಲುಗಳಿಗೆ: ಜಾಲಪುಟಗಳು, ಪಟ್ಟಿಗಳು, ಪ್ರೋಗ್ರಾಂಗಳು, ಸಾದಾ ಟೆಕ್ಸ್ಟ್. ಈಗಿನ ವರ್ಡ್ ಫೈಲು ನಿಜದಲ್ಲಿ ಒತ್ತಿ ಕಟ್ಟಿದ ಜಿಪ್ ಗಂಟು. ಸೆಡ್‌ಗೆ ಅದರೊಳಗಿನ ಪದ ಕಾಣುವುದಿಲ್ಲ. ಅಂಥವನ್ನು ಮೊದಲು ಸಾದಾ ಪಠ್ಯಕ್ಕೆ ಇಳಿಸಿಕೊಳ್ಳಬೇಕು.

‘500 ರೂ.’ ಹೇಗೆ ‘₹500’ ಆಗಬೇಕು

2010ರ ಜುಲೈನಲ್ಲಿ ಕೇಂದ್ರ ಸಂಪುಟ ಡಿ. ಉದಯ ಕುಮಾರ್ ವಿನ್ಯಾಸಗೊಳಿಸಿದ ರೂಪಾಯಿ ಚಿಹ್ನೆಯನ್ನು ಒಪ್ಪಿತು. ಒಂದು ಪ್ರಕಾಶನದ ಫೈಲುಗಳಲ್ಲಿ ‘500 ರೂ.’ ಎಂದು ಇರುವುದನ್ನೆಲ್ಲ ‘₹500’ ಮಾಡಬೇಕು ಎಂದುಕೊಳ್ಳಿ. ‘ರೂ.’ ಕೊಟ್ಟು ‘₹’ ಮಾಡು ಎಂದರೆ ಏನಾಗುತ್ತದೆ?

ಸೆಡ್‌ನ ಹುಡುಕಾಟ ನಡೆಯುವುದು ರೆಗ್ಯುಲರ್ ಎಕ್ಸ್‌ಪ್ರೆಷನ್ ಎಂಬ ಮಾದರಿಗಳ ಭಾಷೆಯಲ್ಲಿ. ಅಲ್ಲಿ ಚುಕ್ಕಿಯ ಅರ್ಥ ‘ಯಾವುದಾದರೂ ಒಂದು ಅಕ್ಷರ’. ಹಾಗಾಗಿ ‘ರೂ.’ ಎಂಬ ಮಾದರಿಗೆ ‘ರೂಪ’ವೂ ಸಿಗುತ್ತದೆ. ‘ರೂಪಾಯಿ’ ಹೋಗಿ ‘₹’ ಪಕ್ಕದಲ್ಲಿ ಒಂಟಿ ದೀರ್ಘ ಮತ್ತು ‘ಯಿ’ ಉಳಿಯುತ್ತದೆ. ‘ಸ್ವರೂಪ’ ಎಂಬುದು ‘ಸ್ವ₹’ ಆಗುತ್ತದೆ. ಚುಕ್ಕಿಗೆ ಮುಂಚೆ ಹಿಂದೋರೆಗೆರೆ ಇಟ್ಟರೆ ಅದು ನಿಜವಾದ ಚುಕ್ಕಿಯಾಗುತ್ತದೆ. ಅಷ್ಟಕ್ಕೇ ಗೆದ್ದೆವೇ? ಇಲ್ಲ. ‘ಸಭೆಗೆ ಬಂದಿದ್ದರು ಎಲ್ಲರೂ.’ ಎಂಬ ವಾಕ್ಯದ ಕೊನೆಯಲ್ಲೂ ‘ರೂ’ ಇದೆ, ಚುಕ್ಕಿಯೂ ಇದೆ. ಅದು ‘ಎಲ್ಲ₹’ ಆಗಿಬಿಡುತ್ತದೆ.

ದಾರಿ ಸಿಗುವುದು ಬರವಣಿಗೆಯ ರೂಢಿಯನ್ನು ಗಮನಿಸಿದಾಗ. ಹಣವಾದರೆ ‘ರೂ.’ಗೆ ಮುಂಚೆ ಅಂಕಿ ಇರುತ್ತದೆ. ಆದ್ದರಿಂದ ಮಾದರಿ ಹೀಗಿರಬೇಕು: ಅಂಕಿ ಮತ್ತು ಅಲ್ಪವಿರಾಮಗಳ ಒಂದು ಗುಂಪು, ನಂತರ ಇದ್ದರೂ ಇಲ್ಲದಿದ್ದರೂ ಆಗುವ ಖಾಲಿ ಜಾಗ, ನಂತರ ‘ರೂ’ ಮತ್ತು ನಿಜವಾದ ಚುಕ್ಕಿ. ಅಂಕಿಯ ಗುಂಪನ್ನು ಆವರಣದಲ್ಲಿ ಇಟ್ಟರೆ ಸೆಡ್ ಅದನ್ನು ನೆನಪಿಟ್ಟುಕೊಂಡು, ಬದಲಿಸುವಾಗ ‘₹’ ಮುಂದಿಟ್ಟು ಅದರ ಹಿಂದೆ ಕೂರಿಸುತ್ತದೆ. ಹಿಂದಿದ್ದದ್ದು ಮುಂದೆ, ಮುಂದಿದ್ದದ್ದು ಹಿಂದೆ. ‘1,50,000 ರೂ.’ ಎಂಬುದು ‘₹1,50,000’ ಆಗುತ್ತದೆ. ಕನ್ನಡ ಅಂಕಿಗಳಲ್ಲಿ ಬರೆದಿದ್ದರೆ ೦ಯಿಂದ ೯ರವರೆಗಿನ ಅಂಕಿಗಳನ್ನೂ ಗುಂಪಿಗೆ ಸೇರಿಸಬೇಕು.

ಇಷ್ಟಾದರೂ ‘500 ರೂ.ಗಳನ್ನು ಕೊಟ್ಟರು’ ಎಂಬುದು ‘₹500ಗಳನ್ನು’ ಆಗುತ್ತದೆ. ‘ಬೆಲೆ 500 ರೂ.’ ಎಂದು ವಾಕ್ಯ ಮುಗಿದಿದ್ದರೆ ಪೂರ್ಣವಿರಾಮವೂ ಹೋಗುತ್ತದೆ. ‘ಎರಡು ಲಕ್ಷ ರೂ.’ ಮಾದರಿಗೆ ಸಿಗುವುದೇ ಇಲ್ಲ. ಇಂಥ ಸಾಲುಗಳನ್ನು ಗ್ರೆಪ್‌ನಿಂದ ಮೊದಲೇ ಬೇರೆ ಮಾಡಿಕೊಂಡು ಕಣ್ಣಿಂದ ನೋಡಿ ತಿದ್ದಬೇಕು. ಯಂತ್ರ ನೂರಕ್ಕೆ ತೊಂಬತ್ತು ಪಾಲು ಕೆಲಸ ಮಾಡಿದರೆ ಉಳಿದ ಹತ್ತಕ್ಕೆ ಮನುಷ್ಯನ ಗಮನ ಪೂರ್ತಿ ಸಿಗುತ್ತದೆ. ಈ ವಿದ್ಯೆಯ ದೊಡ್ಡ ಲಾಭವೂ ಅದೇ.

ವಿಭಕ್ತಿ ಗೊತ್ತಿದ್ದರೆ ನಾಲ್ಕೇ ನಿಯಮ

ಇಂಗ್ಲಿಷ್‌ನಲ್ಲಿ ಊರಿನ ಹೆಸರು ಒಂಟಿಯಾಗಿ ನಿಲ್ಲುತ್ತದೆ. ಕನ್ನಡದಲ್ಲಿ ಅದಕ್ಕೆ ವಿಭಕ್ತಿ ಪ್ರತ್ಯಯ ಅಂಟಿರುತ್ತದೆ. ‘ಬಿಜಾಪುರದಲ್ಲಿ’ ಎಂಬುದು ‘ವಿಜಯಪುರದಲ್ಲಿ’ ಆಗಲು ತೊಂದರೆಯಿಲ್ಲ, ಎರಡೂ ‘ಪುರ’ದಲ್ಲೇ ಮುಗಿಯುತ್ತವೆ. ಆದರೆ ಗುಲ್ಬರ್ಗಾ ಆಕಾರದಲ್ಲಿ ಮುಗಿಯುತ್ತದೆ, ಕಲಬುರಗಿ ಇಕಾರದಲ್ಲಿ. ಹೆಸರನ್ನಷ್ಟೇ ಬದಲಿಸಿದರೆ ‘ಗುಲ್ಬರ್ಗಾದಲ್ಲಿ’ ಹೋಗಿ ‘ಕಲಬುರಗಿದಲ್ಲಿ’ ಬರುತ್ತದೆ, ‘ಗುಲ್ಬರ್ಗಾಕ್ಕೆ’ ಹೋಗಿ ‘ಕಲಬುರಗಿಕ್ಕೆ’ ಬರುತ್ತದೆ. ಬರಹದ ಕನ್ನಡ ಇದನ್ನು ಒಪ್ಪುವುದಿಲ್ಲ.

ವ್ಯಾಕರಣ ಬಲ್ಲವರು ಇಲ್ಲಿ ಪ್ರೋಗ್ರಾಮರನಿಗಿಂತ ಬೇಗ ಉತ್ತರ ಕಂಡುಕೊಳ್ಳುತ್ತಾರೆ. ಗುಲ್ಬರ್ಗಾಕ್ಕೆ ಪ್ರತ್ಯಯ ಹತ್ತುವಾಗ ನಡುವೆ ‘ದ’ ಬರುತ್ತದೆ, ಕಲಬುರಗಿಗೆ ಹತ್ತುವಾಗ ಯಕಾರಾಗಮವಾಗುತ್ತದೆ. ಆದ್ದರಿಂದ ‘ಗುಲ್ಬರ್ಗಾದ’ ಇದ್ದಲ್ಲಿ ‘ಕಲಬುರಗಿಯ’ ಎಂಬ ಒಂದೇ ನಿಯಮ ಸಾಕು. ಕಂಪ್ಯೂಟರಿನಲ್ಲಿ ವ್ಯಂಜನ ಮತ್ತು ಕಾಗುಣಿತದ ಚಿಹ್ನೆ ಬೇರೆ ಬೇರೆ ಇರುವುದರಿಂದ ‘ದಲ್ಲಿ’, ‘ದಿಂದ’, ‘ದ’ ಮೂರೂ ತಾವಾಗಿ ‘ಯಲ್ಲಿ’, ‘ಯಿಂದ’, ‘ಯ’ ಆಗುತ್ತವೆ. ‘ಗುಲ್ಬರ್ಗಾವ’ ಇದ್ದಲ್ಲಿ ‘ಕಲಬುರಗಿಯ’ ಎಂದರೆ ‘ವನ್ನು’, ‘ವೂ’ ಎರಡೂ ಸರಿಹೋಗುತ್ತವೆ. ‘ಗುಲ್ಬರ್ಗಾಕ್ಕೆ’ ಇದ್ದಲ್ಲಿ ‘ಕಲಬುರಗಿಗೆ’. ಕೊನೆಯಲ್ಲಿ ಬರಿಯ ಹೆಸರು. ಈ ನಾಲ್ಕು ನಿಯಮಗಳನ್ನು ಇದೇ ಕ್ರಮದಲ್ಲಿ ಒಂದು ಫೈಲಿನಲ್ಲಿ ಬರೆದಿಟ್ಟು ಸೆಡ್‌ಗೆ ಕೊಡಬಹುದು. ಬರಿಯ ಹೆಸರಿನ ನಿಯಮ ಮೊದಲು ಬಂದರೆ ಉಳಿದ ಮೂರಕ್ಕೆ ಏನೂ ಸಿಗುವುದಿಲ್ಲ. ‘ಗುಲಬರ್ಗಾ’, ‘ಗುಲ್ಬರ್ಗ’ ಎಂದೂ ಬರೆದವರಿದ್ದಾರೆ. ಆ ರೂಪಗಳನ್ನೂ ಮೊದಲೇ ಹುಡುಕಿ ಪಟ್ಟಿ ಮಾಡಿಕೊಳ್ಳಬೇಕು.

ಬದಲಿಸಬಾರದ್ದೂ ಇದೆ. ಗುಲಬರ್ಗಾ ವಿಶ್ವವಿದ್ಯಾಲಯದ ಹೆಸರು ಹಾಗೆಯೇ ಉಳಿದಿದೆ. ಛತ್ತೀಸಗಢದಲ್ಲೊಂದು ಬಿಜಾಪುರ ಜಿಲ್ಲೆ ಇದೆ. ‘ಹೈದರಾಬಾದ್’ ಇದ್ದಲ್ಲೆಲ್ಲ ‘ಕಲ್ಯಾಣ’ ಮಾಡಿದರೆ ತೆಲಂಗಾಣದ ರಾಜಧಾನಿಯೂ ಕಲ್ಯಾಣವಾಗುತ್ತದೆ. ‘ಹೈದರಾಬಾದ್ ಕರ್ನಾಟಕ’ ಎಂದು ಎರಡೂ ಪದ ಸೇರಿಸಿ ಹುಡುಕಿದರೆ ಇನ್ನೊಂದು ಎಡವಟ್ಟು: ಮೊದಲ ಪದ ಒಂದು ಸಾಲಿನ ತುದಿಯಲ್ಲಿ, ಎರಡನೆಯದು ಮುಂದಿನ ಸಾಲಿನಲ್ಲಿ ಇದ್ದರೆ ಸಾಲು ಸಾಲಾಗಿ ಓದುವ ಸೆಡ್‌ಗೆ ಅದು ಕಾಣುವುದಿಲ್ಲ.

ತಪ್ಪಾದರೆ ತಿರುಗಿಸಿ ಬದಲಿಸಿದರಾಯಿತು ಎಂಬ ಧೈರ್ಯವೂ ಸಲ್ಲದು. ದೇವನಹಳ್ಳಿ ತಾಲ್ಲೂಕಿನಲ್ಲಿ ಮೊದಲಿನಿಂದಲೂ ಒಂದು ವಿಜಯಪುರವಿದೆ. ಬಿಜಾಪುರವೆಲ್ಲ ವಿಜಯಪುರವಾದ ಮೇಲೆ ಎರಡೂ ಒಂದೇ ಪದವಾಗುತ್ತವೆ. ಹಿಂದಕ್ಕೆ ತಿರುಗಿಸಹೊರಟರೆ ದೇವನಹಳ್ಳಿಯ ಊರೂ ಬಿಜಾಪುರವಾಗುತ್ತದೆ. ಎಲ್ಲಿ ಏನಿತ್ತು ಎಂಬ ಮಾಹಿತಿ ಆಗಲೇ ಅಳಿದಿರುತ್ತದೆ.

ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ

ಕನ್ನಡದ ಹಳೆಯ ಡಿಜಿಟಲ್ ಪಠ್ಯಗಳಲ್ಲಿ ಅನುಸ್ವಾರದ ಜಾಗದಲ್ಲಿ ಕನ್ನಡ ಸೊನ್ನೆಯನ್ನು ಒತ್ತಿದ್ದು ಬಹಳ ಸಲ ಸಿಗುತ್ತದೆ. ‘ಬೆ೦ಗಳೂರು’ ಮತ್ತು ‘ಬೆಂಗಳೂರು’ ಓದುವವರಿಗೆ ಒಂದೇ. ಹುಡುಕುವ ಯಂತ್ರಕ್ಕೆ ಎರಡು ಬೇರೆ ಪದಗಳು. ಸೊನ್ನೆಯನ್ನೆಲ್ಲ ಅನುಸ್ವಾರ ಮಾಡಿದರೆ ‘೧೯೫೦’ ಕೆಡುತ್ತದೆ. ಸೊನ್ನೆಗೆ ಮುಂಚೆ ಕನ್ನಡದ ಅಕ್ಷರವೋ ಕಾಗುಣಿತದ ಚಿಹ್ನೆಯೋ ಇದ್ದರೆ ಮಾತ್ರ ಬದಲಿಸು, ಅಂಕಿ ಇದ್ದರೆ ಬಿಡು ಎಂಬ ನಿಯಮ ಕೊಟ್ಟರೆ ಎರಡೂ ಉಳಿಯುತ್ತವೆ. ‘ಕೋ’ದಲ್ಲಿರುವ ಓತ್ವವೂ ಹೀಗೆಯೇ: ಅದನ್ನು ಒಂದೇ ಸಂಕೇತವಾಗಿಯೂ ಮೂರು ಸಂಕೇತಗಳ ಜೋಡಣೆಯಾಗಿಯೂ ಬರೆಯಲು, ಜಗತ್ತಿನ ಲಿಪಿಗಳಿಗೆ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಅವಕಾಶವಿದೆ. ಒತ್ತಕ್ಷರ ಆಗದಂತೆ ತಡೆಯಲು ಪದದ ನಡುವೆ ಇಡುವ, ತಾನು ಮಾತ್ರ ಕಾಣದ ಸಂಕೇತವೂ ಇದೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಒಬ್ಬರು ಅದನ್ನು ಹಾಕುತ್ತಾರೆ, ಇನ್ನೊಬ್ಬರು ಹಾಕುವುದಿಲ್ಲ. ಪರದೆಯ ಮೇಲೆ ಪದ ಕಾಣುತ್ತಿದ್ದರೂ ಗ್ರೆಪ್‌ಗೆ ಸಿಗದಿದ್ದರೆ ಇಂಥದ್ದೇನೋ ಇದೆ ಎಂದು ತಿಳಿಯಬೇಕು.

ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬರೆದ ಪಠ್ಯವನ್ನು ಯುನಿಕೋಡಿಗೆ ತರುವುದು ಈ ಬದಲಾವಣೆಗಳಲ್ಲೆಲ್ಲ ದೊಡ್ಡದು. ಆ ಫಾಂಟುಗಳು ಅಕ್ಷರಗಳನ್ನು ಅಲ್ಲ, ಅಕ್ಷರದ ತುಂಡುಗಳ ಆಕಾರಗಳನ್ನು ರೋಮನ್ ಸಂಕೇತಗಳಲ್ಲಿ ಇಟ್ಟಿದ್ದವು. ಪರಿವರ್ತಕಗಳೆಲ್ಲ ಮೂಲತಃ ಕ್ರಮವಾಗಿ ಜೋಡಿಸಿದ ಬದಲಾವಣೆಯ ನಿಯಮಗಳ ಪಟ್ಟಿಗಳೇ. ಉದ್ದನೆಯ ಜೋಡಣೆಗಳು ಮೊದಲು, ಬಿಡಿ ತುಂಡುಗಳು ನಂತರ. ಅರ್ಕಾವೊತ್ತು ಹಳೆಯ ಫಾಂಟಿನಲ್ಲಿ ಅಕ್ಷರದ ನಂತರ ಬರುತ್ತದೆ, ಯುನಿಕೋಡಿನಲ್ಲಿ ಮೊದಲು. ₹ ಚಿಹ್ನೆಗೆ ಮಾಡಿದ ಸ್ಥಳಪಲ್ಲಟವನ್ನೇ ಅದಕ್ಕೂ ಮಾಡಬೇಕು.

ಜಗತ್ತು ಎಡವಿದ ಕಡೆ

ಪದದ ಗಡಿ ನೋಡದೆ ಬದಲಿಸಿದವರಲ್ಲಿ ದೊಡ್ಡವರೂ ಇದ್ದಾರೆ. ಅಪಾಯಕಾರಿ ಪ್ರೋಗ್ರಾಂಗಳನ್ನು ತಡೆಯಲೆಂದು ಯಾಹೂ ತನ್ನ ಇಮೇಲ್‌ಗಳಲ್ಲಿ ಜಾವಾಸ್ಕ್ರಿಪ್ಟ್‌ನ ‘ಇವ್ಯಾಲ್’ ಎಂಬ ಆಜ್ಞೆಯನ್ನು ‘ರಿವ್ಯೂ’ ಎಂದು ಬದಲಿಸುತ್ತಿತ್ತು. ಮಧ್ಯಯುಗದ ಎಂಬರ್ಥದ ‘ಮೆಡೀವಲ್’ ಪದದ ಇಂಗ್ಲಿಷ್ ಕಾಗುಣಿತದ ಕೊನೆಯ ನಾಲ್ಕು ಅಕ್ಷರಗಳೂ ಅವೇ. ಹೀಗಾಗಿ ‘ಮೆಡಿರಿವ್ಯೂ’ ಎಂಬ ಇಲ್ಲದ ಪದವೊಂದು ಜನರ ಪತ್ರಗಳಲ್ಲಿ ಹುಟ್ಟಿತು, ಅಲ್ಲಿಂದ ಜಾಲಪುಟಗಳಿಗೂ ಹಬ್ಬಿತು. ವಿಷಯ 2002ರಲ್ಲಿ ಸುದ್ದಿಯಾಯಿತು. 2012ರಲ್ಲಿ ಟಾಲ್‌ಸ್ಟಾಯ್‌ರ ‘ವಾರ್ ಅಂಡ್ ಪೀಸ್’ ಕಾದಂಬರಿಯ ಒಂದು ಇ-ಪುಸ್ತಕದಲ್ಲಿ, ಹೊತ್ತಿಸು ಎಂಬರ್ಥದ ‘ಕಿಂಡಲ್’ ಇದ್ದಲ್ಲೆಲ್ಲ ‘ನೂಕ್’ ಎಂದಾಗಿತ್ತು. ಕಿಂಡಲ್ ಎಂಬ ಓದುಯಂತ್ರದ ಹೆಸರನ್ನು ಅದರ ಪ್ರತಿಸ್ಪರ್ಧಿ ನೂಕ್‌ಗಾಗಿ ಬದಲಿಸಿದಾಗ ಕಾದಂಬರಿಯ ಕ್ರಿಯಾಪದವೂ ಸಿಕ್ಕಿಬಿತ್ತು. ಎರಡೂ ಕಡೆ ಯಂತ್ರ ಹೇಳಿದ್ದನ್ನೇ ಮಾಡಿತು. ಓಡಿಸುವ ಮೊದಲು ಆ ಅಕ್ಷರಗಳು ಬೇರೆಲ್ಲಿ ಬರುತ್ತವೆ ಎಂದು ಒಮ್ಮೆ ಹುಡುಕಿ ನೋಡಿದ್ದರೆ ಎರಡೂ ತಪ್ಪುತ್ತಿದ್ದವು.

ಪಾಲಿಸಬೇಕಾದ ಕ್ರಮ

ಮೊದಲು ಇಡೀ ಫೋಲ್ಡರಿನ ಒಂದು ಪ್ರತಿಯನ್ನು ತೆಗೆದಿಡಿ. ಫೈಲುಗಳ ಬದಲಾವಣೆಯ ಇತಿಹಾಸ ಇಡುವ ‘ಗಿಟ್’ ಬಳಸುವವರು ಆವರೆಗಿನ ಸ್ಥಿತಿಯನ್ನು ದಾಖಲಿಸಿ, ಗಿಟ್‌ನ ಒಳಫೋಲ್ಡರನ್ನು ಸೆಡ್ ಮುಟ್ಟದಂತೆ ಹೊರಗಿಡಿ. ಎರಡನೆಯದಾಗಿ, ಗ್ರೆಪ್ ಓಡಿಸಿ ಹಳೆಯ ಪದವಿರುವ ಪ್ರತಿ ಸಾಲನ್ನೂ ಸಾಲಿನ ಸಂಖ್ಯೆಯೊಂದಿಗೆ ತೆಗೆದು ಓದಿ. ಬಹಳವಿದ್ದರೆ ಬೇರೆ ಬೇರೆ ರೂಪಗಳನ್ನು ಒಟ್ಟುಮಾಡಿ ರೂಪಕ್ಕೆ ಒಂದರಂತೆಯಾದರೂ ಓದಿ. ಮೂರನೆಯದಾಗಿ, ಫೈಲಿನಲ್ಲಿ ಬರೆ ಎಂಬ ಸೂಚನೆ ಇಲ್ಲದೆ ಸೆಡ್ ಓಡಿಸಿ, ಮೊದಲಿನದಕ್ಕೂ ಬಂದದ್ದಕ್ಕೂ ಇರುವ ವ್ಯತ್ಯಾಸವನ್ನು ‘ಡಿಫ್’ ಎಂಬ ಸಲಕರಣೆಯಿಂದ ನೋಡಿ. ನಾಲ್ಕನೆಯದಾಗಿ, ಸರಿಯೆನಿಸಿದ ಮೇಲಷ್ಟೇ ಫೈಲಿನಲ್ಲಿ ಬರೆಯಿಸಿ. ಫೈಲುಗಳ ಹೆಸರಿನಲ್ಲಿ ಖಾಲಿ ಜಾಗವಿದ್ದರೆ ಎಕ್ಸ್‌ಆರ್ಗ್ಸ್ ಒಂದು ಹೆಸರನ್ನು ಎರಡಾಗಿ ಓದುತ್ತದೆ; ಹೆಸರುಗಳನ್ನು ಶೂನ್ಯ ಸಂಕೇತದಿಂದ ಬೇರ್ಪಡಿಸುವ ಆಯ್ಕೆ ಫೈಂಡ್ ಮತ್ತು ಎಕ್ಸ್‌ಆರ್ಗ್ಸ್ ಎರಡರಲ್ಲೂ ಇದೆ, ಅದನ್ನು ಬಳಸಿ. ಕೊನೆಗೆ ಮತ್ತೆ ಗ್ರೆಪ್: ಹಳೆಯ ಪದ ಎಲ್ಲೆಲ್ಲಿ ಉಳಿದಿದೆ, ಅದು ಉಳಿಯಬೇಕಾದದ್ದೇ ಎಂದು ನೋಡಿ.

ಈ ಐದರಲ್ಲಿ ಬದಲಿಸುವುದು ಒಂದೇ, ಉಳಿದ ನಾಲ್ಕೂ ಉಳಿಸಿಕೊಳ್ಳುವ ಮತ್ತು ನೋಡುವ ಕೆಲಸ. ಅವಸರದಲ್ಲಿ ಬಿಟ್ಟುಹೋಗುವುದೂ ಆ ನಾಲ್ಕೇ.

ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು, ಪ್ರಕಾಶಕರು, ಹಳೆಯ ಪುಸ್ತಕಗಳನ್ನು ಡಿಜಿಟಲ್ ರೂಪಕ್ಕೆ ತರುತ್ತಿರುವ ಸ್ವಯಂಸೇವಕರು ಈ ವಿದ್ಯೆಯನ್ನು ತಮ್ಮದಾಗಿಸಿಕೊಳ್ಳಬೇಕು. ಭಾಷಾಶಾಸ್ತ್ರದ ವಿದ್ಯಾರ್ಥಿಗೆ ಸಂಧಿ ಪಾಠದ ಜೊತೆಯಲ್ಲೇ ಗ್ರೆಪ್ ಮತ್ತು ಸೆಡ್ ಕಲಿಸಬಹುದು. ಕರಡು ತಿದ್ದುವವರು ತಮಗೆ ಪದೇ ಪದೇ ಸಿಗುವ ತಪ್ಪುಗಳನ್ನು ನಿಯಮಗಳಾಗಿ ಬರೆದು ಎಲ್ಲರಿಗೂ ಸಿಗುವಂತೆ ಇಡಬಹುದು. ಒಬ್ಬರು ಬರೆದ ನಾಲ್ಕು ಸಾಲಿನ ನಿಯಮ ನೂರು ಜನರ ದುಡಿಮೆ ಉಳಿಸುತ್ತದೆ. ನಿಮ್ಮಲ್ಲೂ ತಿದ್ದಬೇಕಾದ ಫೈಲುಗಳಿದ್ದರೆ ಇಂದೇ ಅವುಗಳ ಪ್ರತಿ ಮಾಡಿಕೊಂಡು ಟರ್ಮಿನಲ್ ತೆರೆಯಿರಿ. ಏನನ್ನೂ ಬದಲಿಸಬೇಡಿ, ಮೊದಲು ಹುಡುಕಿ ನೋಡಿ.